ಅದ್ದು ಕಾಕನ ಮೂರು ಮುಕ್ಕಾಲು ಗಂಟೆ

ಅದ್ದು ಕಾಕನ ಮೇಜಿನ ಡ್ರಾವರಿನಲ್ಲಿ ಒಂದು ಕಪ್ಪು ನೂಲಿನ ಉಂಡೆ ಇರುತ್ತಿತ್ತು. ಗುಂಡಿ ಹೊಲಿಯುವುದಕ್ಕಲ್ಲ, ದೂರ ಅಳೆಯುವುದಕ್ಕೆ. ಟಿಕೆಟ್ ಮಾಡಿಸಲು ಬಂದವರು ಎದುರಿನ ಕುರ್ಚಿಯಲ್ಲಿ ಕೂತರೆ, ಬೇರೆ ಆಫೀಸಿನವರಂತೆ ಮೊದಲು ಪಾಸ್‌ಪೋರ್ಟ್ ಕೇಳುವ ಅಭ್ಯಾಸ ಅವರಿಗಿರಲಿಲ್ಲ. "ಊರು ಯಾವುದು?" ಎಂದು ಕೇಳುವುದು. ಮಂಗಳೂರಿನ ಕಡೆಯವರೆಂದು ಗೊತ್ತಾದರೆ ಸಾಕು, ಉಂಡೆ ಹಿಡಿದುಕೊಂಡು ಎದ್ದರೆಂದೇ ಲೆಕ್ಕ. ಗೋಡೆಯ ಮೇಲಿನ ದೊಡ್ಡ ನಕಾಶೆಯಲ್ಲಿ ದೋಹಾದ ಮೇಲೆ ಒಂದು ಗುಂಡುಸೂಜಿ ಚುಚ್ಚಿತ್ತು. ಅದಕ್ಕೆ ನೂಲಿನ ತುದಿ ಸುತ್ತಿ, ಅರಬೀ ಸಮುದ್ರದ ಮೇಲಿಂದ ಓರೆಯಾಗಿ ಎಳೆದು, ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿಯುತ್ತಿದ್ದರು.

"ನೋಡಿ, ನೇರ ಹೋದ್ರೆ ಎರಡು ಸಾವಿರದ ಎಂಟುನೂರು ಕಿಲೋಮೀಟರ್. ಮೂರು ಮುಕ್ಕಾಲು ಗಂಟೆ. ಬೆಳಿಗ್ಗೆ ಇಲ್ಲಿ ಚಾ ಕುಡಿದು ಹೊರಟ್ರೆ ಮಧ್ಯಾಹ್ನದ ಊಟಕ್ಕೆ ಮನೆ."

ಕೇಳಿದವನ ಮುಖ ಊರಷ್ಟಗಲ ಆಗುತ್ತಿತ್ತು. "ಹೌದಾ ಕಾಕ? ಹಾಗಾದ್ರೆ ಅದೇ ಟಿಕೆಟ್ ಮಾಡಿ."

"ಆ ವಿಮಾನ ಇಲ್ಲ."

"ಮತ್ತೆ?"

"ಬೊಂಬಾಯಿಗೆ ಹೋಗ್ಬೇಕು. ಅಲ್ಲಿಂದ ಬಜ್ಪೆಗೆ ಸೀಟು ಸಿಕ್ಕಿದ್ರೆ ವಿಮಾನ, ಇಲ್ಲದಿದ್ರೆ ಬಸ್ಸು. ಎಲ್ಲ ಸೇರಿ ಒಂದೂವರೆ ದಿನ ಅಂತ ಇಟ್ಕೊಳ್ಳಿ."

ಇದನ್ನು ಕೇಳಿ ಕೇಳಿ ನನ್ನ ತಲೆ ಕೆಟ್ಟಿತ್ತು. ದಿನಕ್ಕೆ ನಾಲ್ಕು ಸಲ ಅದೇ ನೂಲು, ಅದೇ ಹೆಬ್ಬೆರಳು, ಕೊನೆಗೆ ಅದೇ ಜೋಲು ಮುಖ. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟೆ: "ಇಲ್ಲದ ವಿಮಾನಕ್ಕೆ ಟೈಮ್ ಯಾಕೆ ಕಾಕ ಹೇಳುವುದು? ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿದ ಹಾಗೆ!"

ಕಾಕ ನೂಲು ಸುತ್ತುತ್ತಾ ಹೇಳಿದರು: "ಹೊಲಿದಿಟ್ರೆ ನಷ್ಟ ಏನುಂಟು ಮಾರಾಯ? ಮನುಷ್ಯನಿಗೆ ತನ್ನ ಮನೆ ಎಷ್ಟು ದೂರ ಅಂತ ಗೊತ್ತಿರ್ಬೇಕು. ಬೊಂಬಾಯಿ ದೂರ, ಬಸ್ಸು ದೂರ, ಕಸ್ಟಮ್ಸಿನ ಲೈನು ದೂರ. ಮನೆ ದೂರ ಅಲ್ಲ."

ನಾನು ದೋಹಾಕ್ಕೆ ಬಂದದ್ದು ಕೊಲ್ಲಿ ಯುದ್ಧ ಮುಗಿದ ಮರುವರ್ಷ. ಮುಶೈರಿಬ್‌ನ ಇಕ್ಕಟ್ಟಾದ ಒಂದು ರಸ್ತೆಯಲ್ಲಿ, ಕೆಳಗೆ ದರ್ಜಿ ಅಂಗಡಿ, ಮೇಲೆ ನಮ್ಮ ಟ್ರಾವೆಲ್ ಆಫೀಸು. ಕೇರಳದ ಒಬ್ಬ ಮ್ಯಾನೇಜರು, ಅದ್ದು ಕಾಕ, ಮತ್ತೆ ಸದಾ ಎಂಬ ನಾನು. ಕಾಕ ಬಂದದ್ದು ನಾನು ಪುತ್ತೂರಿನ ಶಾಲೆಯಲ್ಲಿ ಚಡ್ಡಿ ಹಾಕಿಕೊಂಡು ಮಗ್ಗಿ ಹೇಳುತ್ತಿದ್ದ ಕಾಲದಲ್ಲಿ. ಅದೇ ಆಫೀಸಿನಲ್ಲಿ ಚಾ ಮಾಡುವ ಕೆಲಸಕ್ಕೆ ಸೇರಿ, ಚಾ ಕೊಡುತ್ತಾ ಕೊಡುತ್ತಾ ಇಂಗ್ಲಿಷ್ ಅಕ್ಷರ ಕಲಿತು, ವೇಳಾಪಟ್ಟಿಯ ದಪ್ಪ ಪುಸ್ತಕ ಓದುವುದು ಕಲಿತು, ಕೊನೆಗೆ ಟಿಕೆಟ್ ಬರೆಯುವ ಮೇಜಿಗೆ ಬಂದು ಕೂತವರು. ಊರಲ್ಲಿ ಓದಿದ್ದು ಐದನೇ ಕ್ಲಾಸು. ನಾನು ಬಿ.ಕಾಂ. ಅದೊಂದು ಜಂಬ ನನಗೆ ಕೊನೆಯವರೆಗೂ ಇತ್ತು, ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಅವರಿಗೆ ಪುಸ್ತಕ ಬೇಕಾಗುತ್ತಲೇ ಇರಲಿಲ್ಲ. ಬಹರೈನ್‌ಗೆ ಎಷ್ಟು, ಶಾರ್ಜಾಕ್ಕೆ ಎಷ್ಟು, ಕ್ಯಾಲಿಕಟ್‌ನಿಂದ ಕೊಚ್ಚಿಗೆ ಎಷ್ಟು, ನಿದ್ದೆಯಲ್ಲಿ ಕೇಳಿದರೂ ನಿಮಿಷ ಸಮೇತ ಹೇಳುವವರು. ಬರೀ ಬಾಯಿಪಾಠ ಆಗಿದ್ದರೆ ನಾನೂ ಮೆಚ್ಚುತ್ತಿರಲಿಲ್ಲ. ಅವರ ಹುಚ್ಚು ಬೇರೆಯೇ ಇತ್ತು. ಯಾರಿಗೆ ಟಿಕೆಟ್ ಬರೆದು ಕೊಟ್ಟರೋ ಅವರ ಜೊತೆ ಮನಸ್ಸಿನಲ್ಲೇ ಊರಿನವರೆಗೆ ಹೋಗಿಬರುತ್ತಿದ್ದರು. ಮೇಜಿನ ಮೇಲೆ ಎರಡು ಗಡಿಯಾರ, ಒಂದು ಇಲ್ಲಿಯ ಸಮಯದ್ದು, ಇನ್ನೊಂದು ಊರಿನದ್ದು. ಯಾವುದೋ ಟಿಕೆಟಿನ ಕಾರ್ಬನ್ ಪ್ರತಿ ಫೈಲಿಗೆ ಹಾಕುತ್ತಿದ್ದವರು ತಟ್ಟನೆ ತಲೆಯೆತ್ತಿ, "ಈಗ ಅವ ಗೋವಾದ ಮೇಲೆ," ಎನ್ನುವರು. ಅರ್ಧ ಗಂಟೆ ಬಿಟ್ಟು, "ಇಳೀತು. ಈಗ ಬ್ಯಾಗಿಗೆ ನಿಂತಿರ್ತಾನೆ." ಚಾ ಕುಡಿಯುವಾಗ, "ಈಗ ಮನೆ ಹೊಕ್ಕಾಯ್ತು. ಉಮ್ಮ ಮಗನಿಗೆ ಅಂತ ಮೀನು ಹೆಚ್ಚುತ್ತಾ ಇರ್ತಾಳೆ."

ಶುಕ್ರವಾರ ರಜೆ. ಉಳಿದವರೆಲ್ಲ ಸೂಕ್ ವಾಕಿಫ್ ಪೇಟೆ ಸುತ್ತಿ, ಕಡಲ ದಂಡೆಯಲ್ಲಿ ಕೂತು ಹರಟೆ ಹೊಡೆದು ದಿನ ತಳ್ಳುತ್ತಿದ್ದೆವು. ಕಾಕ ಮಾತ್ರ ಜುಮಾ ನಮಾಜು ಮುಗಿಸಿ, ಟೆಲಿಫೋನ್ ಬೂತಿನೆದುರು ಸಾಲು ನಿಂತು ಊರಿಗೆ ಮಾತಾಡಿ, ಸಂಜೆ ಏರ್‌ಪೋರ್ಟ್ ರಸ್ತೆಯ ಬೇಲಿಯ ಹತ್ತಿರ ಒಬ್ಬರೇ ನಿಲ್ಲುತ್ತಿದ್ದರು. ಬೊಂಬಾಯಿಯ ವಿಮಾನ ಏರಿ, ಸಮುದ್ರದ ಮೇಲೆ ತಿರುಗಿ, ಚುಕ್ಕಿಯಾಗಿ ಮಾಯವಾಗುವವರೆಗೆ ನೋಡುವುದು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ.

"ಹೋಗುವಾಗ ಮೂರು ಗಂಟೆ ಇಪ್ಪತ್ತು ನಿಮಿಷ, ಬರುವಾಗ ಮೂರು ನಲವತ್ತು," ಎಂದರು. "ಯಾಕೆ ಗೊತ್ತುಂಟಾ? ಮೇಲೆ ಗಾಳಿ ಈ ಕಡೆಯಿಂದ ಆ ಕಡೆಗೆ ಬೀಸ್ತದೆ. ಹೋಗುವಾಗ ಹಿಂದಿನಿಂದ ದೂಡ್ತದೆ, ಬರುವಾಗ ಎದುರಿಂದ ತಡೀತದೆ. ನಾವು ಎಲ್ಲಿರ್ಬೇಕು ಅಂತ ಗಾಳಿಗೆ ಗೊತ್ತುಂಟು ಮಾರಾಯ, ನಮಗೇ ಗೊತ್ತಿಲ್ಲ."

ನಾನು ನಕ್ಕೆ. ಅವರು ನಗಲಿಲ್ಲ.

ಈ ಸಮಯದ ವಿಷಯದಲ್ಲಿ ಜಗಳಕ್ಕೆ ಬಂದವನೆಂದರೆ ಬಾಬಣ್ಣ. ಕಂಪನಿಯ ಕ್ಯಾಂಪೊಂದರಲ್ಲಿ ಅಡುಗೆ ಮಾಡುವವನು, ಬಜ್ಪೆ ಹತ್ತಿರದ ಪೆರ್ಮುದೆಯವನು, ಅಂದರೆ ಕಾಕನ ಊರಿನವನೇ. ಟಿಕೆಟ್ ಕೈಯಲ್ಲಿ ಹಿಡಿದು ಮೆಟ್ಟಿಲು ದಡದಡ ಹತ್ತಿ ಬಂದ.

"ಎಂತ ಕಾಕ ಇದು ಮೋಸ? ಹೋಗ್ಲಿಕ್ಕೆ ಆರು ಗಂಟೆ, ಬರ್ಲಿಕ್ಕೆ ಒಂದೇ ಗಂಟೆ! ಒಂದು ಗಂಟೆಯಲ್ಲಿ ಬರುವ ವಿಮಾನದಲ್ಲೇ ನನ್ನನ್ನು ಕಳಿಸ್ಲಿಕ್ಕೆ ಆಗುವುದಿಲ್ವಾ? ಕೆಲಸಕ್ಕೆ ಕರೆತರ್ಲಿಕ್ಕೆ ಇವರಿಗೆ ಅವಸರ, ಊರಿಗೆ ಬಿಡ್ಲಿಕ್ಕೆ ಮನಸ್ಸಿಲ್ಲ!"

ಅವನು ಟಿಕೆಟಿನಲ್ಲಿದ್ದ ಹೊರಡುವ ಸಮಯವನ್ನು ತಲುಪುವ ಸಮಯದಿಂದ ಕಳೆದಿದ್ದ, ಅಷ್ಟೆ. ಊರು ಎರಡೂವರೆ ಗಂಟೆ ಮುಂದೆ ಎಂಬುದು ಅವನ ಲೆಕ್ಕದಲ್ಲಿ ಇರಲೇ ಇಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ, ಕಾಕ ಎರಡೂ ಗಡಿಯಾರಗಳನ್ನು ಅವನೆದುರು ಇಟ್ಟು ಅರ್ಧ ಗಂಟೆ ವಿವರಿಸಿದರು. ಕೊನೆಗೆ ಬಾಬಣ್ಣ ತಲೆ ತುರಿಸಿಕೊಂಡು, "ಹಾಗಾದ್ರೆ ಹೋಗುವಾಗ ನಮ್ಮ ಆಯುಷ್ಯದಲ್ಲಿ ಎರಡೂವರೆ ಗಂಟೆ ಖಲಾಸ್?" ಎಂದ.

"ಖಲಾಸ್ ಅಲ್ಲ. ಬರುವಾಗ ವಾಪಸ್ ಕೊಡ್ತಾರೆ. ಆದ್ರೆ ಇಲ್ಲಿ ಅದನ್ನು ತಗೊಂಡು ಎಂತ ಮಾಡುವುದು?" ಎಂದರು ಕಾಕ.

ಬಾಬಣ್ಣನಂಥವರು ಇನ್ನೊಂದು ಕಡೆಯೂ ಎಡವುತ್ತಿದ್ದರು. ವಿಮಾನಗಳು ಹೊರಡುವುದು ಹೆಚ್ಚಾಗಿ ಮಧ್ಯರಾತ್ರಿ ಕಳೆದ ಮೇಲೆ. ಟಿಕೆಟಿನಲ್ಲಿ ಬುಧವಾರ, ಹನ್ನೆರಡೂ ನಲವತ್ತು ಎಂದಿದ್ದರೆ ಮಂಗಳವಾರ ರಾತ್ರಿಯೇ ಏರ್‌ಪೋರ್ಟಿನಲ್ಲಿರಬೇಕು. ನಮ್ಮವರು ಬುಧವಾರ ಇಡೀ ದಿನ ಎಲ್ಲರಿಗೂ ಸಲಾಂ ಹೇಳಿ, ಪೆಟ್ಟಿಗೆಗೆ ಹಗ್ಗ ಬಿಗಿದು, ಬುಧವಾರ ರಾತ್ರಿ ಹೋಗಿ ನಿಲ್ಲುವುದು. ವಿಮಾನ ಹಿಂದಿನ ರಾತ್ರಿಯೇ ಹೋಗಿಯಾಗಿರುತ್ತಿತ್ತು. ಅದಕ್ಕೆ ಕಾಕ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಪ್ರತಿಯೊಬ್ಬರ ಟಿಕೆಟ್ ಕವರಿನ ಮೇಲೆ ತಮ್ಮ ಗುಂಡು ಗುಂಡು ಐದನೇ ಕ್ಲಾಸಿನ ಅಕ್ಷರದಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದರು: "ಮಂಗಳವಾರ ರಾತ್ರಿ ಊಟ ಮಾಡಿ ಹೊರಡಿ. ಬುಧವಾರ ರಾತ್ರಿ ಅಲ್ಲ." ತಾರೀಕು ಮರೆಯಬಹುದು, ಊಟ ಯಾರೂ ಮರೆಯುವುದಿಲ್ಲ ಎಂಬುದು ಅವರ ವಾದ.

ತೊಂಬತ್ತೈದರಲ್ಲೋ ತೊಂಬತ್ತಾರರಲ್ಲೋ, ಎಪ್ರಿಲಿನಲ್ಲಿ ನಾನು ಎರಡು ತಿಂಗಳ ರಜೆಗೆ ಹೊರಟೆ. ನನ್ನ ಟಿಕೆಟನ್ನೂ ಅವರೇ ಬರೆದರು. ಕವರಿನ ಮೇಲೆ ಬರೆಯಲು ಪೆನ್ನು ಎತ್ತಿದಾಗ ನಾನು ಫಕ್ಕನೆ ಕವರು ಎಳೆದುಕೊಂಡೆ.

"ನನಗೆ ಇದೆಲ್ಲ ಬೇಡ ಕಾಕ. ನಾನೆಂತ ಬಾಬಣ್ಣನಾ? ಇದೇ ಕೆಲಸ ಮಾಡುವವ ನಾನು."

"ಅದೂ ಹೌದು," ಎಂದು ನಕ್ಕು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಸ್ವಲ್ಪ ತಡೆದು, "ಸದಾ, ಬರುವುದು ಮಾತ್ರ ಹೇಳಿದ ದಿನ ಬಾ ಆಯ್ತಾ. ನೀನು ಬಂದು ಕೂತ ಮೇಲೆಯೇ ನಾನು ಏಳುವುದು," ಎಂದರು.

ವಿಷಯ ಹೀಗಿತ್ತು. ಜೂನ್ ಮೊದಲ ವಾರ, ಭಾನುವಾರ, ಅವರ ಮಗಳು ಝೊಹರಾಳ ನಿಕಾಹ್. ಹುಡುಗ ಸೌದಿಯಲ್ಲಿರುವವನು, ಅವನ ರಜೆಗೆ ಹೊಂದಿಸಿ ಇಟ್ಟ ದಿನ, ಹಿಂದೆ ಮುಂದೆ ಮಾಡುವಂತಿಲ್ಲ. ಅವರಲ್ಲಿ ನಿಕಾಹಿನ ಹೊತ್ತಿಗೆ ಹುಡುಗಿಯ ತಂದೆ ಮದುಮಗನ ಎದುರು ಕೂತು, ಅವನ ಕೈ ಹಿಡಿದುಕೊಂಡು, ನನ್ನ ಮಗಳನ್ನು ನಿನಗೆ ಮದುವೆ ಮಾಡಿಕೊಟ್ಟೆ ಎಂದು ತನ್ನ ಬಾಯಿಯಿಂದಲೇ ಹೇಳಬೇಕು. ಅದೇ ಮದುವೆಯ ಮುಖ್ಯ ಮಾತು.

"ಅವಳು ಹುಟ್ಟಿದಾಗ ನಾನಿಲ್ಲ," ಎಂದಿದ್ದರು ಕಾಕ ಒಂದು ಸಲ, ಯಾರೂ ಗಿರಾಕಿಗಳಿಲ್ಲದ ಮಧ್ಯಾಹ್ನ. "ಹಲ್ಲು ಬಂದಾಗ ಇಲ್ಲ, ಶಾಲೆಗೆ ಸೇರಿಸುವಾಗ ಇಲ್ಲ, ಟೈಫಾಯ್ಡ್ ಆಗಿ ಆಸ್ಪತ್ರೆಯಲ್ಲಿದ್ದಾಗ ಇಲ್ಲ. ಎಲ್ಲ ಟೆಲಿಫೋನಲ್ಲಿ. ಈ ಒಂದು ಮಾತು ನಾನು ಅಲ್ಲಿ ಕೂತು ಹೇಳ್ಬೇಕು ಮಾರಾಯ. ಅದೊಂದು ಆದ್ರೆ ಬಾಕಿ ಎಲ್ಲ ಅವಳು ಮಾಫ್ ಮಾಡ್ತಾಳೆ."

ಮ್ಯಾನೇಜರನ ಕಟ್ಟುನಿಟ್ಟು, ಇಬ್ಬರೂ ಒಟ್ಟಿಗೆ ರಜೆಯಲ್ಲಿರುವಂತಿಲ್ಲ. ಜೂನ್ ಎಂದರೆ ಶಾಲೆ ಮುಚ್ಚಿ ಸಂಸಾರಸ್ಥರೆಲ್ಲ ಊರಿಗೆ ಓಡುವ ಕಾಲ, ಆಫೀಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾನು ಬುಧವಾರದ ವಿಮಾನದಲ್ಲಿ ಬಂದು ಕೂತರೆ, ದೇಶ ಬಿಡುವ ಅನುಮತಿ ಕಾಗದಕ್ಕೆ ಸಹಿಯಾಗಿ ಕಾಕ ಗುರುವಾರ ಸಂಜೆ ಹೊರಡುವುದು. ಬೊಂಬಾಯಿಯಿಂದ ಶುಕ್ರವಾರದ ಬಸ್ಸು. ಶನಿವಾರ ಮಧ್ಯಾಹ್ನ ಮನೆ. ಭಾನುವಾರ ಮಧ್ಯಾಹ್ನದ ನಮಾಜಿನ ಬಳಿಕ ನಿಕಾಹ್. ಬೊಂಬಾಯಿಯಿಂದ ವಿಮಾನ ಯಾಕೆ ಬೇಡ ಎಂದರೆ ಅದು ಅವರದೇ ನಿಯಮ. "ಜೂನ್ ಬಂತು ಅಂದ್ರೆ ಬಜ್ಪೆಯನ್ನು ನಂಬ್ಬೇಡಿ," ಎಂದು ಎಲ್ಲರಿಗೂ ಹೇಳುತ್ತಿದ್ದರು. "ಗುಡ್ಡದ ತಲೆಯ ಮೇಲಿನ ಏರ್‌ಪೋರ್ಟ್ ಅದು. ಮೋಡ ಕೆಳಗೆ ಕೂತ್ರೆ ಪೈಲಟಿಗೆ ಏನೂ ಕಾಣುವುದಿಲ್ಲ. ಒಂದು ದಿನ ಮೊದಲು ಹೋಗಿ ಬಸ್ಸು ಹಿಡೀರಿ."

ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ. ನಾನು ವಾಪಸ್ಸು ಹೊರಡುವಾಗ ಬೊಂಬಾಯಿ ಹತ್ತಿರದ ಡೊಂಬಿವಲಿಯಲ್ಲಿ ಅತ್ತೆಯ ಮಗನ ಮನೆಯಲ್ಲಿ ಉಳಿದಿದ್ದೆ. ಮಂಗಳವಾರ ಸಂಜೆ ಅವನು, "ಇವತ್ತೇ ಅಲ್ವನಾ ನಿನ್ನ ವಿಮಾನ?" ಎಂದು ಕೇಳಿದ. "ಅಲ್ಲ ಮಾರಾಯ, ಬುಧವಾರ ರಾತ್ರಿ," ಎಂದು ಗತ್ತಿನಲ್ಲಿ ಹೇಳಿ, ಬಂಗುಡೆ ಮೀನಿನ ಸಾರಿನಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡು, ಟೀವಿ ನೋಡಿ ಮಲಗಿದೆ. ಬುಧವಾರ ರಾತ್ರಿ ಏರ್‌ಪೋರ್ಟಿನ ಕೌಂಟರಿನವನು ನನ್ನ ಟಿಕೆಟನ್ನು ಎರಡು ಸಲ ನೋಡಿ, ಇದು ನಿನ್ನೆಯೇ ಹೋಯಿತಲ್ಲ ಎಂದಾಗ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸಾವಿರಾರು ಜನರಿಗೆ ಟಿಕೆಟ್ ಮಾಡಿಕೊಟ್ಟ ಬಿ.ಕಾಂ. ಪದವೀಧರ! ಮರುದಿನ ಸೀಟಿಲ್ಲ. ಶುಕ್ರವಾರ ಹೊರಟು ಶನಿವಾರ ಬೆಳಿಗ್ಗೆ ತಲುಪುವುದಕ್ಕೆ ಒಂದು ಸಿಕ್ಕಿತು.

ಗುರುವಾರ ಬೂತಿನಿಂದ ಆಫೀಸಿಗೆ ಫೋನು ಮಾಡಿದೆ. ಕಾಕನೇ ಎತ್ತಿದರು. ಬಾಯಿಗೆ ಬಂದದ್ದು ಸತ್ಯವಲ್ಲ.

"ವಿಮಾನ ಕ್ಯಾನ್ಸಲ್ ಆಯ್ತು ಕಾಕ. ಮೆಷಿನ್ ಹಾಳಂತೆ. ಶನಿವಾರ ಬೆಳಿಗ್ಗೆ ಮುಟ್ತೇನೆ."

ಆ ಕಡೆ ಕಾಗದ ಮಗುಚಿದ ಸದ್ದು ಕೇಳಿತು. ಆಮೇಲೆ, "ಊಟ ಗೀಟ ಕೊಟ್ರಾ?" ಎಂದು ಕೇಳಿದರು.

"ಹ್ಞಾಂ, ಕೊಟ್ರು."

"ಸರಿ. ಜಾಗ್ರತೆ ಬಾ."

ಶನಿವಾರ ಏರ್‌ಪೋರ್ಟಿನಿಂದ ರೂಮಿಗೂ ಹೋಗದೆ ಸೀದಾ ಆಫೀಸಿಗೆ ಬಂದೆ. ಕಾಕ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ತಯಾರಾಗಿದ್ದರು. ಮೇಜಿನ ಕೆಳಗೆ ಬ್ಯಾಗು. ಅಂದೇ ಸಂಜೆಯ ವಿಮಾನಕ್ಕೆ ಟಿಕೆಟ್ ಬರೆದುಕೊಂಡಾಗಿತ್ತು; ಬೊಂಬಾಯಿಯಿಂದ ಭಾನುವಾರ ಬೆಳಿಗ್ಗೆ ಬಜ್ಪೆಗೆ ವಿಮಾನ. ಬೇರೆ ದಾರಿ ಇರಲಿಲ್ಲ, ಬಸ್ಸು ಇನ್ನು ಮುಟ್ಟುವುದಿಲ್ಲ. "ಒಂಬತ್ತೂ ಕಾಲಿಗೆ ಬಜ್ಪೆ. ಹತ್ತಕ್ಕೆ ಮನೆ. ಸ್ನಾನ ಮಾಡಿ ಹೊಸ ಬಟ್ಟೆ ಹಾಕ್ಲಿಕ್ಕೆ ಬೇಕಾದಷ್ಟು ಹೊತ್ತುಂಟು," ಎಂದರು, ನನಗೋ ತಮಗೋ ಗೊತ್ತಾಗಲಿಲ್ಲ.

ಆಮೇಲೆ ಊರಿನಲ್ಲಿ ನೆರೆಮನೆಯವರ ನಂಬರಿಗೆ ಫೋನು ಹಚ್ಚಿ ತಮ್ಮ ಅಣ್ಣನನ್ನು ಕರೆಸಿದರು. ಅವರ ಮನೆಮಾತಾದ ಬ್ಯಾರಿ ಭಾಷೆ ನನಗೆ ಅರ್ಧಂಬರ್ಧ ಬರುತ್ತಿತ್ತು, ಆದರೆ ಅವರು ಒಂದೇ ಮಾತನ್ನು ಮೂರು ಸಲ ಹೇಳಿದ್ದರಿಂದ ಪೂರ್ತಿ ತಿಳಿಯಿತು. ನಾನು ಬಂದು ಮುಟ್ಟದಿದ್ದರೆ ನನ್ನ ಬದಲು ನೀನು ಕೂತು ಝೊಹರಾಳನ್ನು ಮಾಡಿಕೊಡು, ನಾನು ಒಪ್ಪಿಗೆ ಕೊಟ್ಟಿದ್ದೇನೆ, ನನಗಾಗಿ ಕಾಯಬೇಡಿ, ಹುಡುಗನ ಕಡೆಯವರನ್ನು ನಿಲ್ಲಿಸಬೇಡಿ. ಮೂರನೆಯ ಸಲ ಹೇಳುವಾಗ ಸ್ವರ ಸ್ವಲ್ಪ ಜಾರಿತು. ಫೋನಿಟ್ಟು ನನ್ನ ಕಡೆ ತಿರುಗಿ, "ಕೊಡೆ ಹಿಡ್ಕೊಂಡು ಹೋದ ದಿನ ಮಳೆ ಬರುವುದಿಲ್ಲ ಅಂತಾರಲ್ಲ, ಹಾಗೆ ಇದು," ಎಂದರು.

ಭಾನುವಾರ ದೋಹಾದಲ್ಲಿ ಕೆಲಸದ ದಿನ. ಎಂಟು ಗಂಟೆಗೆ ಬಂದು ಕೂತವನು ಕಾಕನ ಮೇಜಿನ ಮೇಲಿದ್ದ ಊರಿನ ಗಡಿಯಾರ ನೋಡಿದೆ, ಹತ್ತೂವರೆ. ಈಗ ಮನೆಯಲ್ಲಿರುತ್ತಾರೆ ಅಂದುಕೊಂಡೆ. ಅವರು ಎಲ್ಲರಿಗೂ ಮಾಡುತ್ತಿದ್ದುದನ್ನು ಅಂದು ಮೊದಲ ಸಲ ನಾನು ಅವರಿಗಾಗಿ ಮಾಡಿದೆ. ಈಗ ಸ್ನಾನ. ಈಗ ಅತ್ತರು ಹಚ್ಚಿಕೊಂಡರು. ಈಗ ದಿಬ್ಬಣ ಬಂತು. ಗಡಿಯಾರ ಒಂದೂವರೆ ದಾಟಿದಾಗ, ಆಯಿತು, ಮದುಮಗನ ಕೈ ಹಿಡಿದು ಹೇಳಬೇಕಾದ್ದನ್ನು ಹೇಳಿದರು ಎಂದು ನನಗೆ ನಾನೇ ಹೇಳಿಕೊಂಡೆ. ಎದೆಯ ಮೇಲಿನ ಕಲ್ಲು ಇಳಿಯಿತು. ಕೆಳಗಿನಿಂದ ಚಾ ತರಿಸಿ ಕುಡಿದೆ. ನನ್ನ ತಪ್ಪಿನಿಂದ ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು, ನಿಜ ಹೇಳಬೇಕೆಂದರೆ, ನನಗೆ ಖುಷಿಯೇ ಆಗಿತ್ತು.

ಇಪ್ಪತ್ತು ದಿನ ಕಳೆದು ಕಾಕ ಬಂದರು. ನನಗೆ ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ತಂದಿದ್ದರು.

"ನಿಕಾಹ್ ಚಂದ ಆಯ್ತಾ ಕಾಕ?"

"ಆಯ್ತು. ಅಲ್‌ಹಮ್ದುಲಿಲ್ಲಾ. ಹುಡುಗ ಒಳ್ಳೆಯವ."

ಅಷ್ಟೇ. ಆಮೇಲೆ ಕುರ್ಚಿಯಲ್ಲಿ ಕೂತು, ಅದೇ ಹಳೆಯ ಕೆಲಸ. ಆದರೆ ಮೂರ್ನಾಲ್ಕು ದಿನವಾದ ಮೇಲೆ ನನಗೆ ಏನೋ ಕಡಿಮೆಯಾದಂತೆ ಕಂಡಿತು. ಮಂಗಳೂರಿನ ಗಿರಾಕಿ ಬಂದರೂ ಕಾಕ ನಕಾಶೆಯ ಹತ್ತಿರ ಹೋಗುತ್ತಿರಲಿಲ್ಲ. "ಊರು ಯಾವುದು" ಎಂದು ಕೇಳಿ, "ಬೊಂಬಾಯಿ ಮೇಲೆ ಒಂದೂವರೆ ದಿನ," ಎಂದು ಸೀದಾ ಟಿಕೆಟ್ ಬರೆಯುವುದು. ನೂ‌ಲಿನ ಉಂಡೆ ಡ್ರಾವರಿನಲ್ಲೇ ಇತ್ತು. ಯಾವುದನ್ನು ಕಂಡರೆ ನನಗೆ ತಲೆ ಕೆಡುತ್ತಿತ್ತೋ ಅದು ನಿಂತುಹೋದಾಗ ಆಫೀಸಿನಲ್ಲಿ ಕೂರಲು ಬೇಜಾರಾಗುತ್ತಿತ್ತು. ಪ್ರಯಾಣ ದಣಿಸಿರಬೇಕು, ಮಗಳು ಬೇರೆ ಮನೆಗೆ ಹೋದ ದುಃಖ ಇರಬೇಕು ಎಂದುಕೊಂಡೆ.

ಅಕ್ಟೋಬರಿನಲ್ಲಿ ಬಾಬಣ್ಣ ಊರಿಗೆ ಹೋಗಿ ಬಂದ. ಕಾಕ ನಮಾಜಿಗೆ ಹೋಗಿದ್ದ ಹೊತ್ತಿನಲ್ಲಿ ಆಫೀಸಿಗೆ ಬಂದು ನನ್ನೆದುರು ಕೂತ.

"ಪಾಪ ಮಾರಾಯ ನಮ್ಮ ಕಾಕ," ಎಂದ. "ಎಂಥಾ ಗ್ರಹಚಾರ ನೋಡು."

"ಎಂತದು?"

"ನಿನಗೆ ಹೇಳ್ಲಿಲ್ವಾ? ಮಗಳ ನಿಕಾಹಿಗೆ ಸಿಕ್ಕಲೇ ಇಲ್ಲ ಅವರು. ಬೊಂಬಾಯಿಂದ ಬಂದ ವಿಮಾನ ಬಜ್ಪೆಯಲ್ಲಿ ಇಳೀಲಿಕ್ಕೆ ಆಗ್ಲಿಲ್ಲ. ಆ ದಿನ ಬೆಳಿಗ್ಗೆಯೇ ಮಳೆ ಹಿಡಿದದ್ದು, ಎದುರಿನ ಮರ ಕಾಣುವುದಿಲ್ಲ ಅಂಥಾ ಮೋಡ. ಅವರ ಮನೆ ಉಂಟಲ್ಲ, ವಿಮಾನ ಇಳಿಯುವ ದಾರಿಯ ಕೆಳಗೇ. ಶಬ್ದ ಕೇಳಿದ ಕೂಡ್ಲೇ ಝೊಹರಾ ಮದುಮಗಳು ಅಂತಲೂ ನೋಡದೆ ಅಂಗಳಕ್ಕೆ ಓಡಿ ಬಂದು, ಉಪ್ಪ ಬಂದ್ರು, ಉಪ್ಪ ಬಂದ್ರು ಅಂದ್ಲಂತೆ. ಶಬ್ದ ಬಂತು, ಹೋಯ್ತು. ಪುನಃ ಬಂತು, ಹೋಯ್ತು. ಮೂರು ಸಲ. ಇಡೀ ಮದುವೆ ಮನೆ ಚಪ್ಪರದ ಹೊರಗೆ ನಿಂತು ಮೋಡ ನೋಡಿದ್ದು, ಮಳೆಯಲ್ಲಿ ನೆನೆದುಕೊಂಡು. ನಾಲ್ಕನೇ ಸಲ ಬರ್ಲೇ ಇಲ್ಲ. ಬೆಂಗಳೂರಿಗೆ ತಗೊಂಡು ಹೋದ್ರು. ಅಲ್ಲಿಂದ ಬಸ್ಸು ಹಿಡಿದು ಕಾಕ ಮನೆ ಮುಟ್ಟುವಾಗ ಮರುದಿನ ಬೆಳಿಗ್ಗೆ, ಹುಡುಗಿ ಗಂಡನ ಮನೆಗೆ ಹೋಗಿ ಆಗಿತ್ತು. ಅಣ್ಣನೇ ಕೂತು ಮಾಡಿಕೊಟ್ಟದ್ದು."

ಕೈಯಲ್ಲಿದ್ದ ಚಾದ ಲೋಟ ಮೇಜಿನ ಮೇಲಿಟ್ಟೆ.

"ನಮಗೆಲ್ಲ ಬಸ್ಸು ಹಿಡೀರಿ, ಬಸ್ಸು ಹಿಡೀರಿ ಅಂತ ಹೇಳುವವರು, ತಾವು ಯಾಕೆ ವಿಮಾನಕ್ಕೆ ಹೋದ್ರು ಅಂತ ಯಾರಿಗೂ ಗೊತ್ತಿಲ್ಲ. ಕೇಳಿದ್ರೆ, ನನ್ನದೇ ತಪ್ಪು ಲೆಕ್ಕ ಅಂದ್ರಂತೆ," ಎಂದು ಹೇಳಿ ಬಾಬಣ್ಣ ಎದ್ದು ಹೋದ.

ನನ್ನದೇ ತಪ್ಪು ಲೆಕ್ಕ! ಇಪ್ಪತ್ತು ವರ್ಷಕ್ಕೆ ಹತ್ತಿರ ಒಂದು ನಿಮಿಷ ತಪ್ಪದ ಮನುಷ್ಯ, ಹೆಂಡತಿ, ಮಗಳು, ಊರು ಎಲ್ಲರ ಎದುರು ನನ್ನ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡು ಬಂದು ನನಗೆ ಹಪ್ಪಳ ಕೊಟ್ಟಿದ್ದರು. ವಿಮಾನ ರದ್ದಾಯಿತೆಂಬ ನನ್ನ ಸುಳ್ಳನ್ನು ನಂಬಿದ್ದಾರೆ, ಹಾಗಾಗಿ ನನ್ನ ಹೆಸರು ಹೇಳಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಅದು ಇನ್ನಷ್ಟು ಚುಚ್ಚಿತು.

ಹೇಳಿಬಿಡಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ. ಒಂದು ಶುಕ್ರವಾರ ಏರ್‌ಪೋರ್ಟಿನ ಬೇಲಿಯ ಹತ್ತಿರ ಅವರ ಪಕ್ಕವೇ ನಿಂತು, "ಕಾಕ, ಆ ಸಲ ಬೊಂಬಾಯಿಯಲ್ಲಿ..." ಎಂದು ಶುರುಮಾಡಿದೆ. ಅವರು ತಿರುಗಿ ನೋಡಿದರು. ಆ ಮುಖ ನೋಡಿ ನನ್ನ ಧೈರ್ಯ ಉಡುಗಿತು. "...ಒಳ್ಳೆ ಬಂಗುಡೆ ಸಿಕ್ಕಿತ್ತು," ಎಂದೆ. "ಬೊಂಬಾಯಿ ಬಂಗುಡೆಗೆ ರುಚಿ ಇಲ್ಲ," ಎಂದು ಅವರು ಮತ್ತೆ ಆಕಾಶ ನೋಡಿದರು.

ಇನ್ನೊಂದು ದಿನ, ಮೊದಲ ಸಲ ಊರಿಗೆ ಹೋಗುವ ಒಬ್ಬ ಬಡಗಿ ಬಂದು ಕೂತಾಗ, ನಾನೇ ಡ್ರಾವರಿನಿಂದ ನೂಲಿನ ಉಂಡೆ ತೆಗೆದು ನಕಾಶೆಯ ಮುಂದೆ ನಿಂತೆ. "ನೋಡಿ, ನೇರ ಹೋದ್ರೆ ಮೂರು ಮುಕ್ಕಾಲು ಗಂಟೆ," ಎಂದು ಹೆಬ್ಬೆರಳು ಒತ್ತಿದೆ. ಹಿಂದಿನಿಂದ ಕಾಕನ ಸ್ವರ ಬಂತು.

"ಇನ್ನೂ ಕೆಳಗೆ ಸದಾ. ಅದು ಗೋವಾ."

ತಿರುಗಿ ನೋಡಿದರೆ ನಗುತ್ತಿದ್ದರು. ಎಷ್ಟೋ ತಿಂಗಳ ಮೇಲೆ ನಕ್ಕದ್ದು. ಆದರೆ ಎದ್ದು ಬಂದು ತೋರಿಸಲಿಲ್ಲ.

ಈಗ ಕೊಲ್ಲಿಯಿಂದ ನಮ್ಮ ಬಜ್ಪೆಗೆ ನೇರ ವಿಮಾನಗಳು ಬರುತ್ತವೆ. ದೋಹಾದಿಂದ ಮೊದಲ ಸಲ ಬಂದಾಗ ನಾನು ಪತ್ರಿಕೆಯಲ್ಲಿ ಸಮಯ ಹುಡುಕಿ, ಎರಡೂವರೆ ಗಂಟೆ ಕಳೆದು ನೋಡಿದೆ. ಐದೋ ಹತ್ತೋ ನಿಮಿಷ ಆಚೆ ಈಚೆ, ಅವರ ಮೂರು ಮುಕ್ಕಾಲೇ. ಆದರೆ ಆ ಹೊತ್ತಿಗೆ ಕಾಕ ಇರಲಿಲ್ಲ. ನಾನು ಊರಿಗೆ ಬಂದ ನಾಲ್ಕು ವರ್ಷಕ್ಕೆ ಅವರು ಅಲ್ಲೇ, ರೂಮಿನಲ್ಲಿ, ಎದೆನೋವಿನಿಂದ ತೀರಿಕೊಂಡರು. ಅಲ್ಲೇ ಮಣ್ಣು ಮಾಡಿದರು. ಬಾಬಣ್ಣ ಕಾಗದ ಬರೆದಿದ್ದ. ಅಷ್ಟರೊಳಗೆ ಕಾಕನಿಗೆಂದು ನಾನು ಬರೆದು ಹರಿದುಹಾಕಿದ ಕಾಗದಗಳು ಎಷ್ಟೋ. ಕ್ಷಮಿಸಿ ಎಂಬ ಒಂದು ಪದ ಬರೆಯಲು ಪದವಿ ಓದಿದವನಿಗೆ ಬರಲಿಲ್ಲ.

ನಾವು ಕೊನೆಯ ಸಲ ಭೇಟಿಯಾದದ್ದು ತೊಂಬತ್ತೆಂಟರ ಒಂದು ಗುರುವಾರ ಸಂಜೆ, ಆಫೀಸು ಮುಚ್ಚುವ ಹೊತ್ತಿನಲ್ಲಿ. ನಾನು ಕೆಲಸ ಬಿಟ್ಟು ಊರಿಗೇ ಹೊರಟಿದ್ದೆ. ನನ್ನ ಟಿಕೆಟ್ ಬೇರೆಯವರ ಕೈಗೆ ಕೊಡದೆ ಕಾಕನೇ ಬರೆದಿದ್ದರು. ಕವರಿನೊಳಗೆ ಹಾಕಿ, ಆ ಕವರನ್ನು ಇನ್ನೊಂದು ಕಂದು ಲಕೋಟೆಯೊಳಗೆ ಹಾಕಿ ನನ್ನ ಕೈಗೆ ಕೊಟ್ಟರು.

"ಬಜ್ಪೆಯ ಸೀಟೂ ಓಕೆ ಉಂಟು. ಈಗ ಜನವರಿ, ಆಕಾಶ ಕ್ಲೀನ್. ಹೆದರ್ಬೇಡ."

"ನೀವು ಯಾವಾಗ ಬರುವುದು ಕಾಕ? ಸಾಕಲ್ಲ ಇನ್ನು."

"ನೇರ ವಿಮಾನ ಬರ್ಲಿ, ಬರ್ತೇನೆ," ಎಂದರು. ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಅಷ್ಟರಲ್ಲಿ ಅವರೇ ಕೈ ಬಿಟ್ಟು, "ಯಲ್ಲಾ, ಹೋಗು. ಪೆಟ್ಟಿಗೆ ಕಟ್ಟುವುದುಂಟಲ್ಲ," ಎಂದು ದೀಪ ಆರಿಸಲು ಹೋದರು.

ರೂಮಿಗೆ ಬಂದೆ. ಜೊತೆಯವರು ನನಗಾಗಿ ಕೋಳಿ ಸಾರು ಮಾಡಿದ್ದರು. ಬಡಿಸುವಷ್ಟರಲ್ಲಿ ಟಿಕೆಟ್ ನೋಡಿಕೊಳ್ಳೋಣವೆಂದು ಕಂದು ಲಕೋಟೆ ಒಡೆದೆ. ಕವರಿನ ಮೇಲೆ ಗುಂಡು ಗುಂಡು ಅಕ್ಷರದಲ್ಲಿ ಬರೆದಿತ್ತು:

"ಸದಾ, ಗುರುವಾರ ರಾತ್ರಿ ಊಟ ಮಾಡಿ ಹೊರಡು. ಶುಕ್ರವಾರ ರಾತ್ರಿ ಅಲ್ಲ."

ಪಕ್ಕದಲ್ಲಿದ್ದವನು ಇಣುಕಿ ನೋಡಿ, "ಇದೆಂತ ಮಾರಾಯ, ಟಿಕೆಟ್ ಆಫೀಸಿನವನಿಗೇ ಬರೆದು ಕೊಟ್ಟಿದ್ದಾರಲ್ಲ!" ಎಂದು ಬಿದ್ದು ಬಿದ್ದು ನಕ್ಕ. ನಾನು ಅದನ್ನು ಇನ್ನೊಮ್ಮೆ ಓದಿದೆ. ವಿಮಾನ ರದ್ದಾದರೆ ನಮ್ಮ ಆಫೀಸಿನ ಟೆಲೆಕ್ಸ್ ಯಂತ್ರಕ್ಕೆ ಕೂಡಲೇ ಸುದ್ದಿ ಬರುತ್ತದೆ, ಅಂಥ ಸುದ್ದಿಯನ್ನು ಮೊದಲು ಓದುವವರೇ ಕಾಕ, ಇದು ನನಗೆ ಆಗ ನೆನಪಾಯಿತು. ಆ ಗುರುವಾರ ಊಟ ಕೊಟ್ಟರಾ ಎಂದು ಫೋನಿನಲ್ಲಿ ಕೇಳುವಾಗಲೇ ಅವರಿಗೆ ಎಲ್ಲವೂ ಗೊತ್ತಿತ್ತು.

ಆಫೀಸು ಮುಚ್ಚಿಯಾಗಿತ್ತು. ಕಾಕನ ರೂಮಿಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ, ಟ್ಯಾಕ್ಸಿಗೆ ಹೇಳಿಯಾಗಿತ್ತು. ಊಟ ಮಾಡಿ ಹೊರಡು ಎಂದು ಬರೆದಿದ್ದಾರಲ್ಲ ಎಂದು ತಟ್ಟೆಯ ಮುಂದೆ ಕೂತೆ. ಒಂದು ತುತ್ತು ಬಾಯಿಗಿಟ್ಟೆ, ಇಳಿಯಲಿಲ್ಲ. ಕೈ ತೊಳೆದು, ಹಸಿದ ಹೊಟ್ಟೆಯಲ್ಲೇ ಪೆಟ್ಟಿಗೆ ಎತ್ತಿಕೊಂಡೆ.